ನೀರುಹುಲ್ಲು ತಲೆ ತಗ್ಗಿಸಿದ್ದು

ಭಗವಂತನು ಲೋಕವನ್ನು ಮಾಡಿ ಮುಗಿಸಿ, ಮಣ್ಣಾದ ಕೈ ತೊಳೆದ ನೀರೇ ಹೊಸ ಹೊಳೆಯಾಗಿ ಹರಿಯುತ್ತಿದ್ದ ಕಾಲದ ಮಾತು ಇದು, ಮಗು.

ಆ ಹೊಳೆಯಲ್ಲಿ ಹುಲ್ಲಕ್ಕ ಎಂಬ ನೀರುಹುಲ್ಲು ಇದ್ದಳು. ಈಗಿನ ಹಾಗೆ ಗಿಡ್ಡಗಿರಲಿಲ್ಲ. ಕಾಲು ತಳದ ಮರಳಿನಲ್ಲಿ, ತಲೆ ನೀರಿನ ಮೇಲೆ. ದಿನವೂ ಸೂರ್ಯಪ್ಪ ಮೂಡುವ ಹೊತ್ತಿಗೆ ಉದ್ದನೆಯ ಎಲೆಗಳನ್ನು ಬೊಗಸೆ ಮಾಡಿ ಅರ್ಘ್ಯ ಕೊಡುವಳು. ಒಂದು ದಿನವೂ ತಪ್ಪಿಸಿದವಳಲ್ಲ.

"ನಮ್ಮ ಹುಲ್ಲಕ್ಕ ನೀರು ಬಿಡದಿದ್ದರೆ ಸೂರ್ಯಪ್ಪ ಹಾಸಿಗೆಯಿಂದ ಏಳುವುದೇ ಇಲ್ಲವಂತೆ!" ಎಂದು ಹೊಳೆ ಗುಳುಗುಳು ನಗುತ್ತಿತ್ತು. ಹುಲ್ಲಕ್ಕ ನಗುತ್ತಿರಲಿಲ್ಲ. ಇದ್ದರೂ ಇರಬಹುದು ಎಂದುಕೊಳ್ಳುತ್ತಿದ್ದಳು.

ಒಂದು ಸಂಜೆ ಮೇಲಿನ ಗುಡ್ಡದಲ್ಲಿ ಮಳೆಯಾಗಿ ಹೊಳೆ ಕೆಂಪಾಯಿತು. ಸೀತಾಳಿ ಎಂಬ ತಾಯಿಮೀನು ಮರಿಗಳ ಸಾಲು ಕಟ್ಟಿಕೊಂಡು ಬಂದಳು.

"ಅಕ್ಕಾ, ಇವರನ್ನೆಲ್ಲ ಆಚೆಯ ಬಂಡೆಯ ಮರೆಗೆ ಸೇರಿಸಿ ಬರುತ್ತೇನೆ. ಈ ಮಿಣುಕನಿಗೆ ಇನ್ನೂ ರೆಕ್ಕೆ ಬಲಿತಿಲ್ಲ, ಸೆಳೆತ ತಡೆಯಲಾರ. ನಾನು ಬರುವ ತನಕ ನಿನ್ನ ಮಡಿಲಲ್ಲಿ ಇರಲಿ."

"ಹೋಗಿ ಬಾರೇ. ನನ್ನ ಮಗುವೇ ಅಂದುಕೋ."

ಹುಲ್ಲಕ್ಕ ಎಲೆಗಳನ್ನು ಮಡಿಚಿ ಮಿಣುಕನನ್ನು ಒಳಗಿಟ್ಟುಕೊಂಡಳು. ಹೊಳೆ ಎಳೆಯಿತು, ಅವಳು ಬಿಡಲಿಲ್ಲ. ಮತ್ತೆ ಎಳೆಯಿತು, ಬಿಡಲಿಲ್ಲ.

ಮೂಡಣ ಕೆಂಪೇರಿತು. ಸೀತಾಳಿ ಇನ್ನೂ ಬಂದಿರಲಿಲ್ಲ. ಹುಲ್ಲಕ್ಕನಿಗೆ ನಿಂತಲ್ಲೇ ಚಡಪಡಿಕೆ. ಅರ್ಘ್ಯದ ಹೊತ್ತು ಮೀರುತ್ತಿದೆ. ಮಡಿಲು ಬಿಚ್ಚದೆ ಬೊಗಸೆ ಕೂಡದು.

"ದೊಡ್ಡಮ್ಮಾ, ಬಿಡಬೇಡ. ನೀರು ಎಳೀತದೆ."

"ಆ ಕಲ್ಲಿಗೆ ಆತುಕೊಂಡಿರು ಕಂದಾ. ದೇವರ ಕೆಲಸ, ಈಗ ಬಂದೆ."

ಮಡಿಲು ಬಿಚ್ಚಿತು. ಬೊಗಸೆ ಮೇಲೇರಿತು. ಅರ್ಘ್ಯ ಸಂದಿತು. ಬಗ್ಗಿ ನೋಡಿದರೆ ಕಲ್ಲಿತ್ತು, ಮಿಣುಕನಿರಲಿಲ್ಲ.

ಸೀತಾಳಿ ಬಂದಳು. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇಲ್ಲೇ ಬಿಟ್ಟು ಹೋಗಿದ್ದೆನಲ್ಲಾ ಅಕ್ಕಾ" ಎನ್ನುತ್ತಾ ಮರಳನ್ನೇ ಮೂಸಿ ಮೂಸಿ ನೋಡಿದಳು. ಹೊಳೆಯೂ ಅಂದು ನಗಲಿಲ್ಲ.

ಹುಲ್ಲಕ್ಕ ಮೇಲೆ ನೋಡಿದಳು. "ನಿನಗಾಗಿ ಬಂದಿದ್ದೆ ಸ್ವಾಮಿ. ಹೊತ್ತು ಮೀರುತ್ತಿತ್ತು."

ಸೂರ್ಯಪ್ಪ ಮೋಡ ಸರಿಸಿ ಕೆಳಗೆ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಒಂದು ಗಳಿಗೆ ತಡವಾಗಿದ್ದರೆ ನಾನೇನು ಮುಳುಗಿಹೋಗುತ್ತಿದ್ದೆನೇ, ತಾಯೀ?"

ಹುಲ್ಲಕ್ಕ ಆ ಕಲ್ಲಿನ ಸುತ್ತ ಎಲೆಯಾಡಿಸಿ ತಡವಿದಳು.

"ಹೋದವನನ್ನು ನಾನು ತಂದುಕೊಡಲಾರೆ. ಹುಡುಕುತ್ತೇನೆ ಎನ್ನುವೆಯಾದರೆ ಬೆಳಕು ಕೊಡುತ್ತೇನೆ."

ಹುಲ್ಲಕ್ಕ ತಲೆ ತಗ್ಗಿಸಿದಳು. ಎತ್ತರವನ್ನೆಲ್ಲ ಅಲ್ಲೇ ಬಿಟ್ಟಳು. ಮರಳಿಗೆ ಮೈಯೊತ್ತಿ, ಒಂದು ಗೇಣು ತಡವಿ, ಅಲ್ಲಿ ಬೇರಿಳಿಸಿ, ಮತ್ತೊಂದು ಗೇಣು ತಡವಿ, ಮೆಲ್ಲಮೆಲ್ಲಗೆ ಹೊಳೆಯ ತಳವನ್ನೆಲ್ಲ ಹುಡುಕುತ್ತಾ ಹೋದಳು. ಮಿಣುಕ ಸಿಗಲಿಲ್ಲ. ಅವಳು ನಿಲ್ಲಿಸಲೂ ಇಲ್ಲ. ಬೆಳಗಿನ ಅರ್ಘ್ಯವನ್ನು ಮಾತ್ರ ಬಿಡಲಿಲ್ಲ. ಆದರೆ ಅಂದಿನಿಂದ ಏಳದೆ, ಮಡಿಲು ಬಿಚ್ಚದೆ, ಇದ್ದಲ್ಲಿಂದಲೇ ಹನಿ ಹನಿಯಾಗಿ ಕಳಿಸಿಕೊಟ್ಟಳು.

ಅದಕ್ಕೇ ಮಗು, ನಮ್ಮ ಮನೆಯ ಗಾಜಿನ ಮೀನುತೊಟ್ಟಿಯಲ್ಲೂ ದೀಪದ ಬೆಳಕು ಚೆನ್ನಾಗಿ ಬಿದ್ದಾಗ ನೀರುಹುಲ್ಲು ಮೇಲೇಳದೆ ತಳದಲ್ಲೇ ಹಸಿರು ಜಮಖಾನೆಯಂತೆ ಹಬ್ಬುತ್ತದೆ, ಎಲೆಯ ತುದಿಯಿಂದ ಮುತ್ತಿನಂಥ ಗುಳ್ಳೆಗಳು ಒಂದೊಂದಾಗಿ ಮೇಲಕ್ಕೆ ಹೋಗುತ್ತವೆ, ಮತ್ತು ಯಾವ ತಾಯಿಯ ಮರಿ ಹೆದರಿ ಓಡಿಬಂದರೂ ಆ ಹುಲ್ಲು ಅದನ್ನು ಒಳಗೆ ಮುಚ್ಚಿಟ್ಟುಕೊಳ್ಳುತ್ತದೆ.