ಪರೀಕ್ಷೆಗೆ ಆರಿಸಿದ ಡಬ್ಬಿ

ಶಿಷ್ಯ ಕೇಳಿದ: "ಗುರುಗಳೇ, ನೀವು ಹೇಳಿಕೊಟ್ಟ ಹಾಗೆ ದಿನವೂ ಸಂಜೆ ಕೂತು ನಾನು ಆಡಿದ ಮಾತು, ಮಾಡಿದ ಕೆಲಸವನ್ನು ಪರೀಕ್ಷಿಸಿಕೊಳ್ಳುತ್ತೇನೆ. ತಪ್ಪು ಕಾಣುವುದಿಲ್ಲ. ಆದರೂ ನನ್ನ ತಮ್ಮ ನನ್ನೊಡನೆ ಮಾತು ಬಿಟ್ಟಿದ್ದಾನೆ. ಹಾಗಾದರೆ ತಪ್ಪು ಅವನದೇ ಅಲ್ಲವೇ?"

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಒಂದು ದಿನವೂ ತಪ್ಪು ಕಂಡಿಲ್ಲವೇ ಎಂದು ವಿಚಾರಿಸಿದರು. ಇಲ್ಲ ಎಂದು ಶಿಷ್ಯ ಸಂಕೋಚವಿಲ್ಲದೆ ಹೇಳಿದ. ನೀನು ಪುಣ್ಯವಂತ, ನನಗಿನ್ನೂ ಆ ಭಾಗ್ಯ ಬಂದಿಲ್ಲ ಎಂದು ನಕ್ಕು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಗಾಳಿಯನ್ನು ಪರೀಕ್ಷಿಸುವ ಕಚೇರಿ ಇತ್ತು. ಎಲ್ಲಿಯಾದರೂ ಕೆಟ್ಟ ವಾಸನೆ ಎಂದು ಜನ ದೂರು ಕೊಟ್ಟರೆ, ಅಲ್ಲಿಯ ಗಾಳಿಯನ್ನು ಉಕ್ಕಿನ ಡಬ್ಬಿಯಲ್ಲಿ ಹಿಡಿದು ತಂದು, ಅದರಲ್ಲಿ ಏನೇನಿದೆ ಎಂದು ಯಂತ್ರಕ್ಕೆ ಹಾಕಿ ನೋಡುತ್ತಿದ್ದರು. ಡಬ್ಬಿಗಳನ್ನು ಸಿದ್ಧ ಮಾಡಿ ಕೊಡುವುದು ಒಬ್ಬನ ಕೆಲಸ. ಡಬ್ಬಿಯನ್ನು ಬಿಸಿ ಮಾಡಿ, ಶುದ್ಧ ಗಾಳಿ ತುಂಬಿ, ಪಂಪಿನಿಂದ ಎಳೆದು, ಮತ್ತೆ ತುಂಬಿ, ಮತ್ತೆ ಎಳೆಯಬೇಕು. ಹಿಂದೆ ಹೋಗಿದ್ದ ಜಾಗದ ವಾಸನೆ ಉಕ್ಕಿನ ಒಳಮೈಗೆ ಹಿಡಿದುಕೊಂಡಿರುತ್ತದೆ, ಅದು ಬಿಡುವ ತನಕ ತೊಳೆಯಬೇಕು. ಕೊನೆಗೆ ಒಳಗೆ ಏನೂ ಉಳಿಯದಂತೆ ಬರಿದು ಮಾಡಿ ಬಾಯಿ ಬಿಗಿಯಬೇಕು. ಬರಿದಾದ ಡಬ್ಬಿಯನ್ನು ಎಲ್ಲಿ ತೆರೆದರೆ ಅಲ್ಲಿಯ ಗಾಳಿಯನ್ನು ಅದು ತಾನಾಗಿಯೇ ಎಳೆದುಕೊಳ್ಳುತ್ತದೆ.

ತೊಳೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಕ್ರಮವಿತ್ತು. ಒಟ್ಟಿಗೆ ತೊಳೆದ ಡಬ್ಬಿಗಳಲ್ಲಿ ಒಂದನ್ನು ಆರಿಸಿ, ಶುದ್ಧ ಗಾಳಿ ತುಂಬಿ ಯಂತ್ರಕ್ಕೆ ಹಾಕಬೇಕು. ಅದರಲ್ಲಿ ಏನೂ ಕಾಣದಿದ್ದರೆ ಉಳಿದವೂ ಚೊಕ್ಕ ಎಂದು ಲೆಕ್ಕ. ಆದರೆ ಆರಿಸುವಾಗ, ಎಲ್ಲಕ್ಕಿಂತ ಹೊಲಸು ಜಾಗಕ್ಕೆ ಹೋಗಿ ಬಂದದ್ದನ್ನೇ ಆರಿಸಬೇಕು. ಅದೇ ಚೊಕ್ಕವಾಗಿದ್ದರೆ ಬೇರೆಯವುಗಳ ಚಿಂತೆ ಇಲ್ಲ.

ಡಬ್ಬಿ ತೊಳೆಯುವ ಇವನು ಆ ಕ್ರಮ ಬಲ್ಲವನೇ. ಮೊದಮೊದಲು ಹಾಗೆಯೇ ಮಾಡಿದ. ಹೊಲಸು ಡಬ್ಬಿ ಪರೀಕ್ಷೆಯಲ್ಲಿ ಸೋತರೆ ಎಲ್ಲವನ್ನೂ ಮತ್ತೆ ತೊಳೆಯಬೇಕಾಗುತ್ತಿತ್ತು. ಇನ್ನೂ ಆಗಲಿಲ್ಲವೇ ಎಂದು ಮೇಲಿನವರು ಗೊಣಗುತ್ತಿದ್ದರು. ಒಂದು ದಿನ ಅವಸರದಲ್ಲಿ, ಕೆರೆ ಏರಿಯ ಮೇಲಿನ ಗಾಳಿ ಹಿಡಿದು ತಂದಿದ್ದ ಡಬ್ಬಿಯನ್ನು ಪರೀಕ್ಷೆಗೆ ಇಟ್ಟ. ಏನೂ ಕಾಣಲಿಲ್ಲ. ಕಾಣುವುದಕ್ಕಾದರೂ ಅದರಲ್ಲಿ ಏನಿತ್ತು? ಅಂದಿನಿಂದ ಅದೇ ಅಭ್ಯಾಸವಾಯಿತು. ಅವನು ಸುಳ್ಳು ಬರೆಯಲಿಲ್ಲ. ಪರೀಕ್ಷೆಯನ್ನು ತಪ್ಪಿಸಲೂ ಇಲ್ಲ. ಅಚ್ಚುಕಟ್ಟಿನ ಮನುಷ್ಯ ಎಂದು ಹೆಸರಾಯಿತು. ಸ್ವಲ್ಪ ಕಾಲದ ಮೇಲೆ ಅವನೂ ಅದನ್ನು ನಂಬಿದ.

ಅದೇ ಊರಿನಲ್ಲಿ ತೊಟ್ಟಿಲು, ಮಣೆಗಳಿಗೆ ಬಣ್ಣ ಹಚ್ಚುವವನೊಬ್ಬನಿದ್ದ. ಅವನ ಅಂಗಡಿಯ ಗೋಡೆಗೆ ಅಂಟಿಕೊಂಡೇ ಅಂಗನವಾಡಿ. ಅವನ ಹೆಂಡತಿಗೆ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಬಣ್ಣಕ್ಕೆ ಬೆರೆಸುವ ಥಿನ್ನರಿನ ಘಾಟಿಗೆ ಮಕ್ಕಳು ಕೆಮ್ಮುತ್ತಿವೆ ಎಂದು ತಾಯಂದಿರು ಜಗಳಕ್ಕೆ ಬಂದರು. ಅವನು ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿ ಥಿನ್ನರ್ ಬಿಟ್ಟ, ನೀರಿನಲ್ಲಿ ಕಲಸುವ ಬಣ್ಣ ತಂದ. ಚಳಿಗಾಲ ಬಂದು ಮಕ್ಕಳು ಮತ್ತೆ ಕೆಮ್ಮಿದಾಗ ಯಾರೂ ಅವನನ್ನು ನಂಬಲಿಲ್ಲ. ಗಾಳಿ ಪರೀಕ್ಷೆ ಮಾಡಿಸಿ ಎಂದು ಹೇಳಿದವನು ಅವನೇ.

ಕಚೇರಿಯವರು ಡಬ್ಬಿ ತಂದು ತೆರೆದರು, ಮುಚ್ಚಿ ಒಯ್ದರು. ಅದರಲ್ಲಿ ಥಿನ್ನರ್ ಸಿಕ್ಕಿತು. ಅಂಗಡಿಗೆ ಬೀಗ ಬಿತ್ತು. ಬೀಗಕ್ಕಿಂತ ಹೆಚ್ಚು ಅವನಿಗೆ ನೋವಾದದ್ದು ಹೆಂಡತಿಯಿಂದ. ನನ್ನ ತಲೆ ಮುಟ್ಟಿದ್ದೆಯಲ್ಲ ಎಂದು ಅವಳು ಅಂದಳು.

ಕೆಲವು ದಿನ ಬಿಟ್ಟು ಅವನು ಕಚೇರಿಗೆ ಬಂದ. ಎದುರಿಗೆ ಸಿಕ್ಕಿದವನು ಡಬ್ಬಿ ತೊಳೆಯುವವನು. ಜಗಳಕ್ಕೆ ಬಂದಿರಬೇಕು ಎಂದುಕೊಂಡು ಇವನು ಸೆಟೆದು ನಿಂತ. ಬಣ್ಣದವನು ಜಗಳವಾಡಲಿಲ್ಲ. ಎರಡೂ ಕೈಗಳನ್ನು ಮುಂದೆ ಚಾಚಿದ.

"ಸ್ವಾಮಿ, ನಾನಂತೂ ಥಿನ್ನರ್ ಮುಟ್ಟಿಲ್ಲ. ನಿಮ್ಮ ಯಂತ್ರಾನೂ ಸುಳ್ಳು ಹೇಳಲ್ಲ. ಇಷ್ಟು ವರ್ಷದ್ದು ನನ್ನ ಕೈಗೇ ಹಿಡ್ಕೊಂಡಿರಬೇಕು. ಇವನ್ನೂ ಒಂದ್ಸಲ ಪರೀಕ್ಷೆ ಮಾಡಿ ನೋಡಿ. ಹಿಡಿದಿದ್ದರೆ ಇನ್ನು ಮಕ್ಕಳನ್ನ ಮುಟ್ಟಲ್ಲ."

ಬಣ್ಣದವನ ಬೀದಿಗೆ ಕೊಟ್ಟ ಡಬ್ಬಿ ಯಾವುದೆಂದು ಇವನಿಗೆ ನೆನಪಾಯಿತು. ಕುತ್ತಿಗೆಯ ಬಳಿ ನೆಗ್ಗಿದ್ದ ಡಬ್ಬಿ. ಅದಕ್ಕೆ ಮೊದಲು ಅದು ಹೋಗಿದ್ದು ಥಿನ್ನರ್ ಸೋರಿದ್ದ ಒಂದು ಗೋದಾಮಿಗೆ. ಆ ಸಲವೂ ಇವನು ಪರೀಕ್ಷೆಗೆ ಇಟ್ಟದ್ದು ಕೆರೆ ಏರಿಯ ಡಬ್ಬಿಯನ್ನು. ತಪ್ಪು ಮಾಡದವನು ತಲೆ ತಗ್ಗಿಸಿ ನಿಂತಿದ್ದ, ತಪ್ಪು ಮಾಡಿದ ನಾನು ಸೆಟೆದು ನಿಂತಿದ್ದೆ ಎಂದು ಇವನು ನಾಚಿಕೆಯಿಂದ ಹಿಡಿಯಷ್ಟಾದ.

ನೆಗ್ಗಿದ ಡಬ್ಬಿಯನ್ನು ಎಂದಿನಂತೆಯೇ ತೊಳೆದು, ಶುದ್ಧ ಗಾಳಿ ತುಂಬಿ ಯಂತ್ರಕ್ಕೆ ಹಾಕಿದ. ಥಿನ್ನರ್ ಕಂಡಿತು. ಮೇಲಿನವರ ಮುಂದೆ ಹೋಗಿ ಹೇಳಿದ. ಪ್ರತಿ ಸಲವೂ ಪರೀಕ್ಷೆ ಮಾಡುತ್ತಿದ್ದೆಯಲ್ಲ ಎಂದು ಅವರು ಬೆರಗಾದರು.

"ಮಾಡುತ್ತಿದ್ದೆ. ಚೊಕ್ಕ ಇರುವುದನ್ನೇ ಆರಿಸಿ ಮಾಡುತ್ತಿದ್ದೆ."

ಚೆನ್ನಾಗಿ ತೊಳೆದ ಡಬ್ಬಿಯಲ್ಲಿ ಆ ಬೀದಿಯ ಗಾಳಿಯನ್ನು ಮತ್ತೆ ಹಿಡಿದು ತಂದರು. ಥಿನ್ನರ್ ಇರಲಿಲ್ಲ. ಬೀಗ ತೆಗೆದರು. ತೊಳೆಯುವವನು ತಾನೇ ಬಣ್ಣದವನ ಮನೆಗೆ ಹೋಗಿ ಅವನ ಹೆಂಡತಿಯ ಮುಂದೆ ನಡೆದದ್ದನ್ನೆಲ್ಲ ಹೇಳಿದ. ಅವಳು ಇವನನ್ನು ಬೈಯಲಿಲ್ಲ. ಗಂಡನ ಮುಖ ನೋಡಲಾರದೆ ಒಳಗೆ ಹೋದಳು. ಬಣ್ಣದವನು ಮಾತ್ರ ಇಂದಿಗೂ ಮಗುವನ್ನು ಎತ್ತಿಕೊಳ್ಳುವ ಮೊದಲು ತನ್ನ ಕೈ ಮೂಸಿ ನೋಡಿಕೊಳ್ಳುತ್ತಾನಂತೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, ಅವನು ಮಾಡಿದ್ದು ದೊಡ್ಡ ತಪ್ಪೇ ಸರಿ, ಆದರೆ ತಾನು ಒಂದು ಸಂಜೆಯೂ ಪರೀಕ್ಷೆ ತಪ್ಪಿಸಿದವನಲ್ಲ ಎಂದ.

"ಅವನೂ ತಪ್ಪಿಸಿದವನಲ್ಲಪ್ಪ. ನಿನ್ನ ತಮ್ಮ ಮಾತು ಬಿಟ್ಟ ದಿನ ಸಂಜೆ ನೀನು ಪರೀಕ್ಷೆಗೆ ಇಟ್ಟದ್ದು ನಿನ್ನ ಯಾವ ಮಾತನ್ನು?"