ಆರ್ಬೆರಳ ಬಂಡೆ

ನಮ್ಮ ಹಿರೇಗುಳ್ಳಿಗೆ ದಿಲ್ಲಿಗಿಂತ ಐದು ವರ್ಷ ಮೊದಲೇ ಸ್ವಾತಂತ್ರ್ಯ ಬಂದಿತ್ತು; ಸರ್ಕಾರ ಕಟ್ಟುವುದನ್ನು ದಿಲ್ಲಿಯವರು ಕಲಿತದ್ದೇ ನಮ್ಮಿಂದ. ಸುಳ್ಳು ಬಿಡಿ. ನಮ್ಮದು ಬಾಳಿದ್ದು ಮೂರೇ ದಿನ. ಆದರೆ ಊರ ಹೊರಗಿನ ಆರ್ಬೆರಳ ಬಂಡೆ ಸುಳ್ಳಲ್ಲ. ಎಮ್ಮೆಯ ಬೆನ್ನಿನಂಥ ಆ ಕರಿಗಲ್ಲಿನ ಮೇಲೆ ಬಳೆಯಾಕಾರದಲ್ಲಿ ಒಂಬತ್ತು ಬಿಳಿ ಅಂಗೈಗಳಿವೆ. ಒಂದೊಂದಕ್ಕೂ ಆರು ಬೆರಳು.

ಹಿಂದೆ ಒಮ್ಮೆ, ಬಿಳಿಯರ ಆಳ್ವಿಕೆಯ ಕೊನೆಗಾಲದಲ್ಲಿ, ಊರವರು ಚಾವಡಿಯ ನೌಕರರನ್ನು ಓಡಿಸಿಬಿಟ್ಟರು ಎನ್ನುತ್ತಾರೆ. ಓಡಿಸುವುದು ಸುಲಭ, ಆಮೇಲೆ ಆಳುವವರು ಯಾರು? ಒಂಬತ್ತು ಮಂದಿಯ ಸರ್ಕಾರವೇನೋ ಆಯಿತು, ಆದರೆ ಮೊದಲ ಹೆಸರಿನವನಿಗೇ ಮೊದಲ ನೇಣು ಎಂಬ ಭಯಕ್ಕೆ ಪಟ್ಟಿಯಲ್ಲಿ ಮೊದಲು ಹೆಸರು ಬರೆಸಲು ಯಾರೂ ಮುಂದೆ ಬರಲಿಲ್ಲ. ಕಡೆಗೆ ಅವರಲ್ಲೊಬ್ಬನಾದ ಸುಣ್ಣ ಸುಡುವ ಭರಮಪ್ಪ ಒಂದು ಗಡಿಗೆ ಸುಣ್ಣ ತಂದ. ಎಲ್ಲರೂ ಬಂಡೆಯ ಮೇಲೆ ದುಂಡಗೆ ಅಂಗೈ ಒತ್ತಿದರು. ಬಳೆಗೆ ಮೊದಲೆಲ್ಲಿ, ಕೊನೆಯೆಲ್ಲಿ? ಮನೆಗೆ ಬಂದು ಕೈ ತೊಳೆಯುವಾಗ ಭರಮಪ್ಪ ಬೆರಳು ಎಣಿಸಿ ಅಲ್ಲೇ ಕುಕ್ಕರಿಸಿದ. ಊರಿಗೆಲ್ಲ ಅವನೊಬ್ಬನ ಕೈಗೇ ಆರು ಬೆರಳು.

ಮೂರನೆಯ ದಿನ ಬೆಳಿಗ್ಗೆ ಪೊಲೀಸ್ ಲಾರಿಗಳ ಧೂಳು ಕಂಡಿತು. ಭರಮಪ್ಪ ಬಂಡೆಗೆ ಓಡಿ ತನ್ನ ಗುರುತನ್ನು ಉಜ್ಜಿದ. ಸುಣ್ಣ ಕಲ್ಲು ಕಚ್ಚಿ ಕೂತಿತ್ತು. ಗಡಿಗೆಯ ತಳದ ಸುಣ್ಣದಿಂದಲೇ ಉಳಿದ ಎಂಟು ಅಂಗೈಗಳಿಗೂ ಒಂದೊಂದು ಬೆರಳು ಬರೆದು, ಇನ್ನು ನಾನು ಹತ್ತರೊಳಗೆ ಹನ್ನೊಂದು ಎಂದು ಉಸಿರು ಬಿಟ್ಟ. ಫೌಜದಾರ ಊರವರನ್ನೆಲ್ಲ ಬಂಡೆಯ ಮುಂದೆ ನಿಲ್ಲಿಸಿ ಕೈ ಎತ್ತಿಸಿದ. ಐದು, ಐದು, ಐದು. ಭರಮಪ್ಪನ ಮುಂದೆ ಬಂದು ನಿಂತ.

"ಅಲ್ಲಲೇ, ಒಂಬತ್ತೂ ನಿನ್ನ ಕೈ ಅಂದಂಗಾತು! ಅಧ್ಯಕ್ಷ, ಮಂತ್ರಿ, ತಳವಾರ, ಎಲ್ಲಾ ನೀನೊಬ್ಬನ?"

ಅಂಗೈಗಳ ಅಳತೆ ಬೇರೆಬೇರೆಯಲ್ಲವೇ ಎಂದು ನೀವು ಕೇಳಬೇಡಿ, ಫೌಜದಾರನೂ ಕೇಳಲಿಲ್ಲ. ತಾನು ಮಾಡಿಕೊಂಡದ್ದೇನೆಂದು ಭರಮಪ್ಪನಿಗೆ ಆಗ ಹೊಳೆಯಿತು. ಅಲ್ಲವೆಂದರೆ ಉಳಿದ ಎಂಟು ಹೆಸರು ಹೇಳಬೇಕು. ಪಕ್ಕದಲ್ಲಿ ಆ ಎಂಟರಲ್ಲೊಬ್ಬನಾದ ನೇಕಾರ ಈರಬಸುವಿನ ಹಲ್ಲು ಕಟಕಟ ಎನ್ನುತ್ತಿತ್ತು. ಭರಮಪ್ಪನ ಧೋತರ ಒದ್ದೆಯಾಗಿತ್ತು ಎನ್ನುತ್ತಾರೆ.

"ಹೌದ್ರಿ ಸಾಹೇಬ್ರ, ನಾನೊಬ್ಬನ. ಮಂದಿ ಸಿಗಲಿಲ್ರಿ."

ಇಡೀ ಸರ್ಕಾರಕ್ಕೆ ಒಂದೇ ಬೇಡಿ ಸಾಕಾಯಿತು. ದೇಶ ಸ್ವತಂತ್ರವಾದ ಮೇಲೆ ಜೈಲಿನಿಂದ ಮರಳಿದವನನ್ನು ಊರವರು ಮೊದಲ ಪಂಚಾಯಿತಿಗೆ ಆರಿಸಹೋದರೆ, ಆತ ಸುಣ್ಣದ ಗೂಡಿನ ಹಿಂದೆ ಅಡಗಿ ಕೂತು, "ಬ್ಯಾಡ್ರೋ! ಈ ಸಲ ಎಂಟು ಮಂದಿ ಖರೇನ ಬರ್ರಿ, ಅಂದ್ರ ಬರ್ತೀನಿ" ಎಂದನಂತೆ. ಎಂಟೂ ಮಂದಿ ಬಂದರು.

ಊರವರು ವರ್ಷಕ್ಕೊಮ್ಮೆ ಆ ಅಂಗೈಗಳಿಗೆ ಹೊಸ ಸುಣ್ಣ ಬಳಿಯುತ್ತಾರೆ. ನೋಡಬಂದವರು ತಮ್ಮ ಕೈ ಇಟ್ಟು ಅಳೆಯುತ್ತಾರೆ. ಒಂದು ಬೆರಳು ಉಳಿದೇ ಉಳಿಯುತ್ತದೆ. ನೀವೂ ಇಟ್ಟು ನೋಡಿ. ಆಮೇಲೆ ಅದೇ ಕೈ ಜೇಬಿಗೂ ಹೋಗಲಿ, ಕಥೆ ಹೇಳಿದ್ದಕ್ಕೆ ನನ್ನ ಚಹಾದ ದುಡ್ಡು ನೀವೇ ಕೊಡಬೇಕು.