ಕೌದಿಗೆ ಇಟ್ಟ ರೊಟ್ಟಿ

ಪೂಜ್ಯ ಗುರಮ್ಮತಾಯಿಯವರು ಪ್ರತಿ ಸೋಮವಾರ ಜಿಲ್ಲಾ ಕಾರಾಗೃಹದ ಹೆಣ್ಣುಮಕ್ಕಳ ವಿಭಾಗಕ್ಕೆ ಹೋಗಿ, ಬರಿನೆಲದ ಮೇಲೆ ಕೂತು, ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವುದನ್ನೂ ಬೀಸುಕಲ್ಲಿನ ಪದ ಹಾಡುವುದನ್ನೂ ಕಲಿಸುತ್ತಿದ್ದರು. ಮಠದಲ್ಲಿ ಅವರ ಪಾದಪೂಜೆಗೆ ಕಾದಿರುತ್ತಿದ್ದ ಸಾಹುಕಾರರ ಹೆಂಡಂದಿರಿಗೆ ಇದು ಹಿಡಿಸುತ್ತಿರಲಿಲ್ಲ. ಕಾವಲಿನ ಕಮಲಾಬಾಯಿಗೂ ಹಿಡಿಸುತ್ತಿರಲಿಲ್ಲ. "ಕೊಂದು ಬಂದವರಿಗೆ ಪದ ಕಲಿಸಿದರ ಸತ್ತವರು ಎದ್ದು ಬರ್ತಾರೇನ್ರಿ?" ಎಂದು ಆಕೆ ಎದುರಿಗೇ ಕೇಳಿದ್ದಳು. ತಾಯಿಯವರು ಇಲ್ಲವೆಂದು ತಲೆಯಾಡಿಸಿ ಸೂಜಿಗೆ ದಾರ ಪೋಣಿಸಿದ್ದರು.

ಅಲ್ಲಿ ದುರಗವ್ವ ಎಂಬ ಇಪ್ಪತ್ತೆರಡರ ಹೆಣ್ಣುಮಗಳಿದ್ದಳು. ಗಂಡ ಮನೆಬಿಟ್ಟು, ಎದೆಹಾಲು ಬತ್ತಿ, ಮೂರು ದಿನ ಅತ್ತ ಕೂಸನ್ನು ಎತ್ತಿಕೊಂಡು ಬಾವಿಗೆ ಹಾರಿದವಳು. ಊರವರು ಜೀವಂತ ಮೇಲೆಳೆದದ್ದು ಇವಳನ್ನು ಮಾತ್ರ. ಆ ಮೂರು ದಿನ ಒಂದು ಲೋಟ ಹಾಲು ಕೊಡದ ನೆರೆಹೊರೆಯವರೇ ಸಾಕ್ಷಿ ಹೇಳಲು ಕೋರ್ಟಿಗೆ ಸಾಲಾಗಿ ಬಂದರು. ಶಿಕ್ಷೆಯಾದ ಮೇಲೆ ದುರಗವ್ವ ಅನ್ನ ಬಿಟ್ಟಳು. ಆ ಸೋಮವಾರ ಆರನೆಯ ದಿನ. ಡಾಕ್ಟರರು ಕೈಚೆಲ್ಲಿದ್ದರು.

ಅಂದು ಶಿವಕ್ಕನೆಂಬ ಕೈದಿಯ ಕೌದಿ ಮುಗಿಯುವುದಿತ್ತು, ಜೈಲಿನಲ್ಲೇ ಹುಟ್ಟಿದ ಅವಳ ಕೂಸಿಗೆ. ನಮ್ಮ ಕಡೆ ಕೌದಿಗೆ ಕೊನೆಯ ತೇಪೆ ಹಚ್ಚುವಾಗ ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಹೊದ್ದ ಮಗು ಹಸಿಯಬಾರದು ಎಂದು. ಮಕ್ಕಳು ಬದುಕಿರುವ ತಾಯಿಯೇ ಇಡಬೇಕೆಂಬುದು ರೂಢಿ. ತಾಯಿಯವರು ರೊಟ್ಟಿಯನ್ನು ಗೋಡೆಗೊರಗಿದ್ದ ದುರಗವ್ವನ ಕೈಯಲ್ಲಿಟ್ಟರು.

"ಬ್ಯಾಡ್ರೀ ಯವ್ವಾ," ಶಿವಕ್ಕ ಕೂಸನ್ನು ಅವುಚಿಕೊಂಡಳು. "ತನ್ನ ಕೂಸನ್ನ ನೀರಿಗಿ ಕೊಟ್ಟ ಕೈ ಅದು."

"ಖರೇನ ಅಂತಾಳ," ಎಂದಳು ದುರಗವ್ವ. ಆರು ದಿನದಲ್ಲಿ ಅವಳಾಡಿದ ಮೊದಲ ಮಾತು. ರೊಟ್ಟಿಯನ್ನು ತಾಯಿಯವರತ್ತ ಮರಳಿ ಚಾಚಿದಳು.

ತಾಯಿಯವರು ತೆಗೆದುಕೊಳ್ಳಲಿಲ್ಲ. "ಹಸಿವು ಏನಂತ ಇಲ್ಲಿ ನಿನಗಿಂತ ಬಲ್ಲವರಿಲ್ಲ. ಆದರ ಹಸಿದ ಕೈಲೆ ತುಂಬಿಸಿದರ ಕೌದಿ ಹಸಿದೇ ಉಳೀತದ. ಅರ್ಧ ನೀ ತಿನ್ನು. ಅರ್ಧ ಆ ಕೂಸಿಗಿಡು."

ಶಿವಕ್ಕ ಬಹಳ ಹೊತ್ತು ಮಗುವಿನ ಮುಖ ನೋಡಿದಳು. ಆಮೇಲೆ ತೇಪೆಯ ಬಾಯಿ ಬಿಡಿಸಿ ದುರಗವ್ವನ ಮುಂದೆ ಹಿಡಿದಳು.

ದುರಗವ್ವ ರೊಟ್ಟಿ ಮುರಿದು ಬಾಯಿಗಿಟ್ಟಳು. ಗಂಟಲಿಗಿಳಿಯದೆ ಕಕ್ಕಿದಳು. ಲಾಠಿಯ ತುದಿಯಿಂದಲ್ಲದೆ ಅವಳನ್ನು ಎಂದೂ ಮುಟ್ಟದ ಕಮಲಾಬಾಯಿ ಬಂದು ಕೂತು, ತನ್ನ ಖಾಕಿ ಸೀರೆಯ ಸೆರಗಿನಿಂದ ಆ ಬಾಯಿ ಒರೆಸಿದಳು. "ಮೆಲ್ಲಕ ತಿನ್ನವಾ," ಎಂದು ಚೂರನ್ನು ನೀರಿನಲ್ಲಿ ನೆನೆಸಿ ಕೊಟ್ಟಳು.

ಈ ಸಲ ಅದು ಇಳಿಯಿತು. ದುರಗವ್ವ ಉಳಿದರ್ಧವನ್ನು ತೇಪೆಯೊಳಗಿಟ್ಟು ಹೊಲಿದಳು. ಮುಗಿಯುವ ತನಕ ಕಮಲಾಬಾಯಿ ಅವಳ ಬೆನ್ನಿಗೆ ಕೈಯಾನಿಸಿ ಕೂತೇ ಇದ್ದಳು.